ಕೆರೆ ದಡಕ್ಕೆ ಕಲ್ಲು ಹಾಸುವ ಮೊದಲು ಪೈಪು ಎಣಿಸಿ

ಹೋದ ಜೂನ್‌ನ ಒಂದು ಭಾನುವಾರ. ಬೆಳಿಗ್ಗೆ ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ನಾವು ನಾಲ್ಕು ಜನ ಕೊಡೆ ಹಿಡಿದು ನಮ್ಮ ಪೇಟೆಯ ಕೆರೆಗೆ ಒಂದು ಸುತ್ತು ಬಂದೆವು. ಪೇಟೆ ಯಾವುದು ಅನ್ನುವುದು ಬೇಡ. ಕೊಡಗಿನಲ್ಲಿ ಇಂಥ ಕೆರೆ ಬೇರೆ ಕಡೆಯೂ ಇವೆ.

ಕೆರೆ ಸುತ್ತ ಈಗ ಇಂಟರ್‌ಲಾಕ್ ಹಾಸಿದ ದಾರಿ ಇದೆ. ಸ್ಟೀಲ್ ಕಂಬಿ, ಕಲ್ಲುಬೆಂಚು, ಸಾಲು ದೀಪ, ಫೋಟೋ ತೆಗೆಸಿಕೊಳ್ಳಲು ಊರ ಹೆಸರಿನ ದೊಡ್ಡ ದೊಡ್ಡ ಅಕ್ಷರಗಳು. ಮೂರನೇ ಬೆಂಚಿನ ಹತ್ತಿರ ಕಂಬಿ ಹಿಡಿದು ಬಗ್ಗಿ ನೋಡಿದೆ. ದಾರಿಯ ಅಡಿಯಿಂದ ಒಂದು ಆರಿಂಚಿನ ಪಿವಿಸಿ ಪೈಪು ಕೆರೆಗೆ ಬಾಯಿ ಬಿಟ್ಟಿತ್ತು. ಬೂದು ಬಣ್ಣದ ನೀರು, ಸೋಪಿನ ನೊರೆ, ನಾಲ್ಕು ಅನ್ನದ ಅಗುಳು. ಪೈಪಿನ ಬಾಯಿಯ ಕೆಳಗಿನ ಕಲ್ಲಿಗೆ ಕಪ್ಪು ಲೋಳೆ ಅಂಟಿತ್ತು. ಸುತ್ತು ಮುಗಿಯುವ ಹೊತ್ತಿಗೆ ಇಂಥವು ಏಳು ಸಿಕ್ಕವು.

ದಾರಿ ಮಾಡಿದವರಿಗೆ ಈ ಪೈಪು ಕಾಣಲಿಲ್ಲ ಅಂತಲ್ಲ. ಕಂಡಿದೆ. ಅದಕ್ಕೆ ಜಾಗ ಬಿಟ್ಟೇ ಮೇಲೆ ಕಲ್ಲು ಕೂರಿಸಿದ್ದಾರೆ. ಆಮೇಲೆ ಕಾಮಗಾರಿಯ ಅಂದಾಜು ಪಟ್ಟಿಯ ನಕಲು ತೆಗೆಸಿ ನೋಡಿದೆವು. ಕಲ್ಲು, ಕಂಬಿ, ದೀಪ, ಗೇಟು, ಬಣ್ಣ, ಎಲ್ಲಕ್ಕೂ ಒಂದೊಂದು ಸಾಲಿತ್ತು. ಕೊಳಕು ನೀರನ್ನು ಬೇರೆ ಕಡೆ ತಿರುಗಿಸಲು ಒಂದು ಸಾಲೂ ಇರಲಿಲ್ಲ.

ಇದನ್ನು ಈಗಲೇ ಮಾತಾಡಬೇಕು. ಪೇಟೆ ಕೆರೆಗಳಿಗೆ ಹಣ ಬರುತ್ತಿರುವ ಕಾಲ ಇದು. 2021ರ ಅಕ್ಟೋಬರ್‌ನಲ್ಲಿ ಶುರುವಾದ ಅಮೃತ್ 2.0 ಯೋಜನೆಯಲ್ಲಿ ಕುಡಿಯುವ ನೀರಿನ ಜೊತೆಗೆ ಪಟ್ಟಣದ ಕೆರೆಗಳ ಪುನಶ್ಚೇತನ ಮತ್ತು ಪಾರ್ಕುಗಳೂ ಸೇರಿವೆ. 2022ರ ಅಮೃತ ಸರೋವರ ಯೋಜನೆ ಜಿಲ್ಲೆಗೆ 75 ಕೆರೆಗಳ ಗುರಿ ಇಟ್ಟುಕೊಂಡಿತ್ತು. ಹಣ ಬರುವುದು ಒಳ್ಳೆಯದೇ. ಮಕ್ಕಳಿಗೆ ಆಡೋಕೆ, ವಯಸ್ಸಾದವರಿಗೆ ನಡೆಯೋಕೆ ನಮ್ಮ ಪೇಟೆಗಳಲ್ಲಿ ಸಮತಟ್ಟು ಜಾಗವೇ ಕಡಿಮೆ. ನನ್ನ ತಕರಾರು ಕೆಲಸದ ಸರದಿಯ ಬಗ್ಗೆ. ಮೊದಲು ಆಗಬೇಕಾದ್ದು ಕೊನೆಗೂ ಆಗುವುದಿಲ್ಲ. ಕೊನೆಗೆ ಆಗಬೇಕಾದ್ದು ಮೊದಲೇ ಆಗಿ, ರಿಬ್ಬನ್ ಕತ್ತರಿಸಿಯೂ ಆಗಿರುತ್ತದೆ.

ಮೊದಲು ನಮ್ಮ ಕೆರೆ ಎಂಥದ್ದು ಅಂತ ನೋಡೋಣ. ಬಯಲುಸೀಮೆಯಲ್ಲಿ ಹಳ್ಳಕ್ಕೆ ಅಡ್ಡ ಉದ್ದನೆಯ ಏರಿ ಕಟ್ಟಿ ಮಳೆನೀರು ಹಿಡಿಯುತ್ತಾರೆ. ನಮ್ಮ ಕಡೆಯ ಎಷ್ಟೋ ಕೆರೆಗಳು ಹಾಗಲ್ಲ. ಎರಡು ಗುಡ್ಡ ಕೂಡುವ ತಗ್ಗಿನಲ್ಲಿ ಒರತೆ ಇರುತ್ತದೆ. ಅದನ್ನೇ ಅಗಲ ಮಾಡಿ, ತಗ್ಗಿನ ಕಡೆ ಸಣ್ಣ ಏರಿ ಹಾಕಿರುತ್ತಾರೆ. ಕೆಳಗೆ ಗದ್ದೆ, ಮೇಲೆ ತೋಟ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಕೈಕೊಟ್ಟರೆ ತೋಟದವರು ಕೆರೆಗೆ ಪಂಪು ಇಟ್ಟು ಸ್ಪ್ರಿಂಕ್ಲರ್ ಹಾರಿಸಿ ರೋಬಸ್ಟಾ ಕಾಫಿಯ ಹೂ ಬಿಡಿಸುತ್ತಾರೆ. ಇಂಥ ಕೆರೆಗೆ ನೀರು ಆಕಾಶದಿಂದ ಮಾತ್ರ ಬರುವುದಲ್ಲ, ಮಗ್ಗುಲಿನಿಂದ, ತಳದಿಂದಲೂ ಒಸರುತ್ತದೆ. ತಳಕ್ಕೆ ಹಾಳೆ ಹಾಸಿ, ಸುತ್ತ ಸಿಮೆಂಟ್ ಗೋಡೆ ಎತ್ತಿದರೆ ಒರತೆಯ ಬಾಯಿ ಮುಚ್ಚಿದ ಹಾಗೆ.

ಕೆರೆಗೂ ನಮಗೂ ಬೇರೆ ನಂಟೂ ಇದೆ. ಸೋಮವಾರಪೇಟೆ ಹತ್ತಿರದ ದೊಡ್ಡಮಳ್ತೆಯ ಹೊನ್ನಮ್ಮನ ಕೆರೆಗೆ ಗೌರಿ ಹಬ್ಬದಲ್ಲಿ ಬಾಗಿನ ಬಿಡುತ್ತಾರೆ. ಕೆರೆಯಲ್ಲಿ ನೀರು ಬರಲೆಂದು ಪ್ರಾಣ ಕೊಟ್ಟ ಹೊನ್ನಮ್ಮನ ಕಥೆಯನ್ನು ಆ ಕಡೆಯ ಅಜ್ಜಿಯಂದಿರು ಈಗಲೂ ಹೇಳುತ್ತಾರೆ. ಮಡಿಕೇರಿ ದಸರಾ ಶುರುವಾಗುವುದೇ ಪಂಪಿನಕೆರೆಯಿಂದ. ನಾಲ್ಕು ಶಕ್ತಿ ದೇವತೆಗಳ ಕರಗ ಹೊರಡುವುದು ಅಲ್ಲಿಂದ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನದ ಕೊಳದಲ್ಲಿ ಮೀನು ನೋಡುತ್ತಾ ಕೂತ ನೆನಪು ಮಡಿಕೇರಿಯ ಎಲ್ಲ ಮಕ್ಕಳಿಗೂ ಇದೆ, ಅಲ್ವಾ? ಜನ ನೀರಿನ ಹತ್ತಿರ ಬಂದು ಕೂರುವುದು ಈ ಊರಿಗೆ ಹೊಸದಲ್ಲ. ಅದಕ್ಕೇ ಹೊಸ ನಕ್ಷೆ ಬರೆಯುವವರು ಮೊದಲು ಹಳೆಯ ಮೆಟ್ಟಿಲು ಎಲ್ಲಿದೆ, ಜನ ಯಾವ ಕಡೆಯಿಂದ ಇಳಿಯುತ್ತಾರೆ ಅಂತ ನೋಡಬೇಕು.

ಈಗ ಪೈಪಿನ ವಿಚಾರಕ್ಕೆ ಬರೋಣ. ಒಳಚರಂಡಿ ಇರುವ ಊರಿನಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕು ಅನ್ನುವುದು ಕೇಂದ್ರ ಸರ್ಕಾರದ ಲೆಕ್ಕ. ಅದರಲ್ಲಿ ಹೆಚ್ಚುಕಮ್ಮಿ ನೂರಕ್ಕೆ 80 ಪಾಲು ಬಚ್ಚಲು, ಅಡುಗೆಮನೆ, ಕಕ್ಕಸಿನ ಕೊಳಕು ನೀರಾಗಿ ಹೊರಗೆ ಬರುತ್ತದೆ. ಮನೆಗೆ ನಾಲ್ಕು ಜನ ಅಂತ ಹಿಡಿದರೆ 50 ಮನೆಗಳ ಒಂದು ಬೀದಿಯಿಂದ ದಿನಕ್ಕೆ 21 ಸಾವಿರ ಲೀಟರ್ ದಾಟುತ್ತದೆ. ಮಳೆ ಇರಲಿ ಬಿಡಲಿ, ದಿನವೂ ಅಷ್ಟೇ. ಬೇಸಿಗೆಯಲ್ಲಿ ಒರತೆ ಸೊರಗುತ್ತದೆ, ಪೈಪು ಸೊರಗುವುದಿಲ್ಲ. ಏಪ್ರಿಲ್‌ನಲ್ಲಿ ಕೆರೆಗೆ ಬರುವ ನೀರಿನಲ್ಲಿ ಜಾಸ್ತಿ ಪಾಲು ಪೈಪಿನದೇ ಆಗಿಬಿಡುತ್ತದೆ.

ಕೊಳಕು ನೀರಿನಲ್ಲಿ ಸಾರಜನಕ, ರಂಜಕ ಇರುತ್ತವೆ. ಗಿಡಕ್ಕೆ ಹಾಕುವ ಗೊಬ್ಬರದಲ್ಲಿ ಇರುವವೇ ಅವು. ಕೆರೆಗೆ ಗೊಬ್ಬರ ಬಿದ್ದರೆ ಪಾಚಿ, ಅಂತರಗಂಗೆ ಉಕ್ಕುತ್ತವೆ. ಹಗಲು ಬಿಸಿಲಿಗೆ ಪಾಚಿ ಆಮ್ಲಜನಕ ಬಿಡುತ್ತದೆ ನಿಜ. ರಾತ್ರಿ ಅದೇ ಪಾಚಿ ನೀರಿನಲ್ಲಿರುವ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ಸತ್ತ ಪಾಚಿ ಕೊಳೆಯುವಾಗ ಇನ್ನಷ್ಟು ಖರ್ಚು. ಅದಕ್ಕೇ ಮೀನು ಸತ್ತು ತೇಲುವುದು ಬೆಳಗಿನ ಜಾವ. ಸ್ನಾನಕ್ಕೆ ಯೋಗ್ಯವಾದ ನೀರಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆ ಇದೆ. ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು. ಕೊಳೆಯನ್ನು ಕರಗಿಸಲು ಬೇಕಾಗುವ ಆಮ್ಲಜನಕ, ಅಂದರೆ ಬಿಒಡಿ, 3 ಮಿಲಿಗ್ರಾಂ ದಾಟಬಾರದು. ಮನೆಯ ಕೊಳಕು ನೀರಿನ ಬಿಒಡಿ ಸಾಮಾನ್ಯವಾಗಿ ಇನ್ನೂರರ ಆಚೀಚೆ ಇರುತ್ತದೆ. ಕಾಫಿ ಪಲ್ಪ್ ಮಾಡಿದ, ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ನೀರಿನದು ಸಾವಿರಗಳಲ್ಲಿ. ಪೇಟೆ ಅಂಚಿನ ಕೆರೆಯ ಮೇಲ್ಗಡೆ ಪಲ್ಪಿಂಗ್ ನಡೆಯುತ್ತಿದ್ದರೆ ಡಿಸೆಂಬರ್, ಜನವರಿಯಲ್ಲಿ ಅದನ್ನೂ ನೋಡಬೇಕು. ನಡುವೆ ಕಾರಂಜಿ ಇಟ್ಟರೆ ನೀರಿಗೆ ಸ್ವಲ್ಪ ಗಾಳಿ ಸೇರುತ್ತದೆ, ಇಲ್ಲ ಅನ್ನುವುದಿಲ್ಲ. ಪೈಪು ಹರಿಯುತ್ತಲೇ ಇದ್ದರೆ ಆ ಗಾಳಿ ಯಾವ ಲೆಕ್ಕ?

ಪೈಪು ಬಿಟ್ಟ ಮನೆಯವರನ್ನು ಬೈಯುವುದು ಸುಲಭ. ನಾವೂ ಹಾಗೇ ಅಂದುಕೊಂಡು ನಾಲ್ಕನೇ ಪೈಪಿನ ಮನೆಗೆ ಹೋದೆವು. ಮನೆಯ ಹಿರಿಯರು ಒಳಗೆ ಕರೆದು ಕೂರಿಸಿ, ಬೆಲ್ಲದ ಕಾಫಿ ಕೊಟ್ಟರು. ಆಮೇಲೆ ಹಿತ್ತಲಿಗೆ ಕರೆದುಕೊಂಡು ಹೋಗಿ ಶೌಚದ ಗುಂಡಿ ತೋರಿಸಿದರು. "ನೋಡಿ ಇವ್ರೇ, ಜುಲೈ ಬಂತು ಅಂದ್ರೆ ಈ ಗುಂಡೀಲೇ ಜಲ ಏಳ್ತದೆ. ನೀರು ಒಳಗೆ ಇಳಿಯೋದು ಬಿಟ್ಟು ಹೊರಗೆ ಬರ್ತದೆ. ಪೈಪು ಹಾಕದೆ ಏನು ಮಾಡ್ಲಿ?" ಅಂದರು. ಅವರ ಮಾತು ಸರಿ. ಇಳಿಜಾರಿನ ಊರು, ನಾಲ್ಕು ತಿಂಗಳು ಬಿಡದ ಮಳೆ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ.ಗೂ ಜಾಸ್ತಿ ಬೀಳುತ್ತದೆ. ಅಂತರ್ಜಲ ನೆಲದ ಮಟ್ಟಕ್ಕೆ ಏರಿದ ಮೇಲೆ ಇಂಗುಗುಂಡಿ ಕೆಲಸ ಮಾಡುವುದಿಲ್ಲ. ಒಳಚರಂಡಿ ಕಾಮಗಾರಿ ಮಡಿಕೇರಿಯಲ್ಲೂ ಕುಶಾಲನಗರದಲ್ಲೂ ವರ್ಷಗಟ್ಟಲೆ ಎಳೆದದ್ದು ಎಲ್ಲರಿಗೂ ಗೊತ್ತು. ಗುಡ್ಡದ ಊರಿನಲ್ಲಿ ಎಲ್ಲ ಕೊಳವೆಯೂ ಇಳಿಜಾರಿನಲ್ಲಿ ತಾನಾಗಿ ಹರಿಯುವುದಿಲ್ಲ, ಅಲ್ಲಲ್ಲಿ ನೀರನ್ನು ಪಂಪಿನಿಂದ ಎತ್ತಿ ಹಾಕಬೇಕು. ಖರ್ಚು ಜಾಸ್ತಿ, ಕೆಲಸವೂ ಕಷ್ಟ.

ಇಡೀ ಊರಿನ ಒಳಚರಂಡಿ ಮುಗಿಯುವ ತನಕ ಕೆರೆ ಕಾಯಬೇಕಾಗಿಲ್ಲ. ನಡೆಯುವ ದಾರಿ ಮಾಡಲು ಹೇಗೂ ನೆಲ ಅಗೆಯುತ್ತಾರೆ. ಆಗಲೇ ಅದರಡಿ ಒಂದು ಕೊಳವೆ ಹಾಕಿ, ಏಳೂ ಪೈಪನ್ನು ಅದಕ್ಕೆ ಸೇರಿಸಬಹುದು. ಆ ನೀರನ್ನು ಕೋಡಿಯಿಂದ ಕೆಳಗೆ ಒಯ್ದು, ಕೊಳೆ ಇಳಿಯುವ ತೊಟ್ಟಿಗೆ ಬಿಟ್ಟು, ಅಲ್ಲಿಂದ ಜಲ್ಲಿ ತುಂಬಿ ಆಪು, ಕ್ಯಾನಾ ಗಿಡ ಬೆಳೆಸಿದ ಹಾಸಿಗೆಯ ಮೂಲಕ ಹಾಯಿಸಬಹುದು. ಬೇರುಗಳ ಸುತ್ತ ಇರುವ ಸೂಕ್ಷ್ಮಜೀವಿಗಳು ಕೊಳೆಯನ್ನು ತಿನ್ನುತ್ತವೆ. ಕರೆಂಟು ಹೆಚ್ಚು ಬೇಡ. ಒಂದು ಎಚ್ಚರ ಮಾತ್ರ ಬೇಕು. ಚಾವಣಿಯ ಮಳೆನೀರು ಈ ಕೊಳವೆಗೆ ಸೇರಬಾರದು. ಸೇರಿದರೆ ಜುಲೈನಲ್ಲಿ ತೊಟ್ಟಿಯ ಸಮೇತ ಎಲ್ಲ ಉಕ್ಕಿ ಹರಿಯುತ್ತದೆ. ಮಳೆನೀರು ಕೆರೆಗೆ, ಬಚ್ಚಲ ನೀರು ಕೊಳವೆಗೆ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಇದೇ ವಿಚಾರ ದೊಡ್ಡದಾಗಿ ನಡೆದಿದೆ. ಶುದ್ಧೀಕರಣ ಘಟಕದಿಂದ ಬಂದ ನೀರು ಜೊಂಡು ಬೆಳೆದ ಜೌಗಿನ ಮೂಲಕ ಹಾದು ಆಮೇಲೆ ಕೆರೆ ಸೇರುತ್ತದೆ. ಅಲ್ಲಿ ನಡೆಯುವವರೂ ಇದ್ದಾರೆ, ಮೀನು ಹಿಡಿಯುವವರೂ ಇದ್ದಾರೆ, ಹಕ್ಕಿಯೂ ಇವೆ.

ಇನ್ನೊಂದು ಊರು ನಮಗೆ ಇನ್ನೂ ಹತ್ತಿರದ ಪಾಠ. ಊಟಿ. ಅದೂ ಗುಡ್ಡದ ಮೇಲಿನ ಊರು, ಅದೂ ಪ್ರವಾಸಿಗಳ ಊರು. 1820ರ ದಶಕದಲ್ಲಿ ಜಾನ್ ಸಲಿವನ್ ಮಾಡಿಸಿದ ಕೆರೆ ಈಗಿನದಕ್ಕಿಂತ ಬಹಳ ದೊಡ್ಡದಿತ್ತು. ಬಸ್ ಸ್ಟ್ಯಾಂಡ್, ಕುದುರೆ ರೇಸಿನ ಮೈದಾನ, ಪಾರ್ಕು ಎಲ್ಲ ಅದರ ಅಂಗಳದಲ್ಲೇ ಎದ್ದವು. ಉಳಿದ ನೀರಿನ ಮೇಲೆ ದೋಣಿ ಓಡುತ್ತದೆ, ಟಿಕೆಟ್ಟಿಗೆ ಸಾಲು ನಿಲ್ಲುತ್ತದೆ. ಊರಿನ ಕೊಳಕು ನೀರು ಕೋಡಪ್ಪಮಂದ್ ಕಾಲುವೆಯಲ್ಲಿ ಬಂದು ಆ ಕೆರೆಗೇ ಸೇರುವ ಸಮಸ್ಯೆ ವರ್ಷಾನುವರ್ಷ ಸುದ್ದಿಯಾಗುತ್ತಲೇ ಇದೆ. ಟಿಕೆಟ್ಟಿನ ದುಡ್ಡು ಬಂದ ಮಾತ್ರಕ್ಕೆ ನೀರು ಶುದ್ಧವಾಗುವುದಿಲ್ಲ ಅನ್ನುವುದನ್ನು ಅಲ್ಲಿ ಕಣ್ಣಾರೆ ನೋಡಬಹುದು.

ದಡದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನೀರು ಎಲ್ಲಿ ಮುಗಿದು ನೆಲ ಎಲ್ಲಿ ಶುರುವಾಗುತ್ತದೆ ಅನ್ನುವುದು ನಮ್ಮ ಕೆರೆಗಳಲ್ಲಿ ಒಂದು ಗೆರೆಯಲ್ಲ. ಮೇ ತಿಂಗಳಲ್ಲಿ ಒಂದು ಕಡೆ, ಆಗಸ್ಟ್‌ನಲ್ಲಿ ಹತ್ತು ಹೆಜ್ಜೆ ಮೇಲೆ. ಆ ಹತ್ತು ಹೆಜ್ಜೆಯ ಜೌಗಿನಲ್ಲೇ ಕೆಸು, ಆಪು ಬೆಳೆಯುವುದು. ಕಪ್ಪೆ ಮೊಟ್ಟೆ ಇಡುವುದು, ನೀರುಕೋಳಿ ಗೂಡು ಕಟ್ಟುವುದು ಅಲ್ಲೇ. ಮೇಲಿಂದ ಹರಿದು ಬರುವ ಮಣ್ಣನ್ನು ತಡೆಯುವುದೂ ಅದೇ ಜೌಗು. ಅದನ್ನು ಕೊಚ್ಚೆ ಅಂತ ಬಗೆದು, ನೇರ ಗೋಡೆ ಎತ್ತಿ, ಹಿಂದೆ ಮಣ್ಣು ತುಂಬಿ ದಾರಿ ಮಾಡಿದರೆ ಕೆರೆ ಬಾಣಲೆಯ ಹಾಗಾಗುತ್ತದೆ. ಬಿದ್ದ ಕರು ಹತ್ತಿ ಬರಲಾರದು. ಬಿದ್ದ ಮಗುವೂ ಅಷ್ಟೇ.

ಗೋಡೆಗೂ ಇಲ್ಲಿ ಆಯುಷ್ಯ ಕಡಿಮೆ. ಮಳೆಗಾಲದಲ್ಲಿ ಗುಡ್ಡದ ಜಲ ಗೋಡೆಯ ಬೆನ್ನಿಗೆ ಬಂದು ಒತ್ತುತ್ತದೆ. ಹೋಗಲು ದಾರಿ ಇಲ್ಲದಿದ್ದರೆ ಗೋಡೆ ಉಬ್ಬುತ್ತದೆ, ಆಮೇಲೆ ಬೀಳುತ್ತದೆ. ಮಡಿಕೇರಿಯಲ್ಲಿ ಜಿಲ್ಲಾಡಳಿತ ಭವನದ ಬದಿಯ ತಡೆಗೋಡೆ ಉಬ್ಬಿದಾಗ ಮಂಗಳೂರು ರಸ್ತೆಯಲ್ಲಿ ಹೋಗುವವರೆಲ್ಲ ಅದನ್ನು ನೋಡಿದ್ದಾರೆ. ಕೆರೆ ದಡಕ್ಕೆ ಇಳಿಜಾರು ಬಿಟ್ಟು, ಅಗತ್ಯ ಇದ್ದ ಕಡೆ ಮಾತ್ರ ಸಿಮೆಂಟ್ ಇಲ್ಲದೆ ಕಾಡುಕಲ್ಲು ಜೋಡಿಸಿದರೆ ಸಂದಿಯಲ್ಲಿ ಜಲ ಇಳಿದು ಹೋಗುತ್ತದೆ. ನೆರಳಿರುವ ತೇವದ ಜಾಗದಲ್ಲಿ ಮದ್ದುಸೊಪ್ಪು ನೆಟ್ಟರೂ ಆಯಿತು. ಕೊಡವರ ಕಕ್ಕಡ ತಿಂಗಳ 18ಕ್ಕೆ, ಅಂದರೆ ಆಗಸ್ಟ್ 3ರಂದು, ಪಾಯಸಕ್ಕೆ ಈ ಸೊಪ್ಪು ಹುಡುಕುತ್ತಾ ಪೇಟೆಯವರು ಅಲೆಯುವುದನ್ನು ನಾನು ನೋಡಿದ್ದೇನೆ.

ಇಂಟರ್‌ಲಾಕ್ ವಿಷಯ ಬೇರೆ. ಜೂನ್ ಎರಡನೇ ವಾರಕ್ಕೆ ಅದರ ಮೇಲೆ ಹಸಿರು ಪಾಚಿ ಕೂರುತ್ತದೆ. ನಮ್ಮ ಜೊತೆ ಬಂದಿದ್ದ ನಿವೃತ್ತ ಮೇಷ್ಟ್ರು ಅವತ್ತು ಎರಡು ಸಲ ಜಾರಿದರು, ಕಂಬಿ ಇದ್ದದ್ದರಿಂದ ಉಳಿದರು. ವರ್ಷದಲ್ಲಿ ನಾಲ್ಕು ತಿಂಗಳು ನಡೆಯಲಾಗದ ನಡೆದಾರಿ ಇದು. ಕೊಡಗಿನಲ್ಲಿ ಕೆರೆ ಪಾರ್ಕು ಅಂದರೆ ಮೊದಲು ಬೇಕಾದ್ದು ಒಂದು ಉದ್ದನೆಯ ಹೆಂಚಿನ ಮಾಡು. ಅದರ ಕೆಳಗೆ ಮಳೆ ನೋಡುತ್ತಾ ನಡೆಯಬಹುದು, ಕೂರಬಹುದು. ಸಂತೆಗೆ ಬಂದವರು ಚೀಲ ಇಟ್ಟುಕೊಂಡು ಬಸ್ಸು ಬರುವ ತನಕ ಕಾಯಬಹುದು. ತೋಟದ ಕಾರ್ಮಿಕರ ಲೈನ್‌ಮನೆಯ ಮಕ್ಕಳಿಗೆ ಭಾನುವಾರ ಆಡೋಕೆ ಒಂದು ಜಾಗ ಆಗುತ್ತದೆ.

ಮಳೆಯ ಲೆಕ್ಕವನ್ನೂ ನೋಡಿ. ಒಂದು ಎಕರೆ ಮೇಲೆ 100 ಮಿ.ಮೀ. ಮಳೆ ಬಿದ್ದರೆ ನಾಲ್ಕು ಲಕ್ಷ ಲೀಟರ್ ನೀರು. ಕೆರೆಗೆ ನೀರು ಹರಿದು ಬರುವ ಜಾಗ 50 ಎಕರೆ ಇದ್ದರೆ ಎರಡು ಕೋಟಿ ಲೀಟರ್. ನೆನೆದು ತುಂಬಿದ ನೆಲದ ಮೇಲೆ ಅದರಲ್ಲಿ ಬಹುಪಾಲು ಕೆರೆಗೇ ಬರುತ್ತದೆ. ಕೆರೆ ಮೊದಲೇ ತುಂಬಿದ್ದರೆ ಅಷ್ಟೂ ಕೋಡಿಯಿಂದಲೇ ಹೋಗಬೇಕು. ದಾರಿ ಸುತ್ತು ಪೂರ್ತಿ ಆಗಲಿ ಅಂತ ಕೋಡಿಯ ಮೇಲೆ ಮಣ್ಣು ತುಂಬಿ, ಎರಡು ಸಿಮೆಂಟ್ ಪೈಪು ಹುದುಗಿಸಿದರೆ ಏನಾಗುತ್ತದೆ? ಪ್ಲಾಸ್ಟಿಕ್ಕು, ಅಂತರಗಂಗೆ ಬಂದು ಪೈಪಿನ ಬಾಯಿಗೆ ಅಡರುತ್ತವೆ. ನೀರು ಏರಿಯ ಮೇಲೆ ಹತ್ತುತ್ತದೆ. ಮಣ್ಣಿನ ಏರಿ ತನ್ನ ಮೇಲಿಂದ ಹರಿಯುವ ನೀರನ್ನು ತಾಳಿಕೊಳ್ಳುವುದಿಲ್ಲ. ಬಯಲಿನಲ್ಲಾದರೆ ನೀರು ಗದ್ದೆಗೆ ಹರಡಿಕೊಂಡೀತು. ಇಲ್ಲಿ ಕೆಳಗಿನ ಗದ್ದೆ ಎಷ್ಟೋ ಕಡೆ ಬಡಾವಣೆ ಆಗಿದೆ. 2018, 2019ರಲ್ಲಿ ಕುಶಾಲನಗರದ ಹೊಳೆ ಬದಿಯ ಬಡಾವಣೆಗಳಿಗೆ ಕಾವೇರಿ ನುಗ್ಗಿದ್ದನ್ನು ನಾವು ಮರೆಯುವ ಹಾಗಿಲ್ಲ. ಕೋಡಿಯ ಮೇಲೆ ಒಂದು ಸಣ್ಣ ಸೇತುವೆ ಮಾಡಿ, ಕೆಳಗೆ ಅಗಲವಾಗಿ ಬಿಡಬೇಕು. ನೀರು ಜಾಸ್ತಿ ನಿಲ್ಲಲಿ ಅಂತ ಏರಿಯನ್ನು ಸುಮ್ನೆ ಎತ್ತರಿಸಲೂಬಾರದು.

ಹೂಳಿನ ಕೆಲಸಕ್ಕೆ ನಮಗೆ ಸಿಗುವುದು ಜನವರಿಯಿಂದ ಏಪ್ರಿಲ್, ಅಷ್ಟೇ. ಬಿಲ್ಲು ಮಾರ್ಚ್ ಕೊನೆಗೆ ಆಗಬೇಕು ಅಂತ ಗಡಿಬಿಡಿ, ಟೆಂಡರ್ ತಡ, ಜೆಸಿಬಿ ಇಳಿಯುವುದು ಏಪ್ರಿಲ್ ನಡುವೆ. ತೆಗೆದ ಹೂಳು ದಡದಲ್ಲೇ ರಾಶಿ ಬೀಳುತ್ತದೆ. ಜೂನ್ ಮಳೆಗೆ ಅದೇ ಹೂಳು ತಿರುಗಿ ಕೆರೆಗೆ ಇಳಿಯುತ್ತದೆ. ಹೂಳು ಎಲ್ಲಿಗೆ ಹೋಗುತ್ತದೆ ಅನ್ನುವುದು ಅಂದಾಜು ಪಟ್ಟಿಯಲ್ಲೇ ಇರಬೇಕು. ಇಳಿಜಾರಿನ ಮೇಲೆ ಸುರಿದರೆ ಅದು ಇನ್ನೊಂದು ಅಪಾಯ.

ಜಾಗದ ಪ್ರಶ್ನೆಗೆ ಉತ್ತರ ಸರ್ವೆ. ಪೈಸಾರಿ, ಅಂದರೆ ಸರ್ಕಾರಿ ಜಾಗ ಎಲ್ಲಿಯವರೆಗೆ, ಕೆರೆ ಎಲ್ಲಿಯವರೆಗೆ, ಖಾಸಗಿ ಎಲ್ಲಿಂದ ಅಂತ ಗುರುತು ಕಲ್ಲು ನೆಡದೆ ದಾರಿ ಮಾಡಿದರೆ, ಒತ್ತುವರಿ ಆದ ಜಾಗದ ಒಳಗಡೆಯೇ ಹೊಸ ಗಡಿ ಬರೆದುಕೊಟ್ಟ ಹಾಗೆ. 2014ರ ರಾಜ್ಯದ ಕೆರೆ ಸಂರಕ್ಷಣಾ ಕಾಯ್ದೆ ಕೆರೆ ಗಡಿಯಿಂದ 30 ಮೀಟರ್ ಒಳಗೆ ಕಟ್ಟಡಗಳಿಗೆ ತಡೆ ಹಾಕಿತ್ತು. ಕೆರೆಯ ವಿಸ್ತೀರ್ಣ ನೋಡಿ ಈ ಅಂತರ ಇಳಿಸುವ ತಿದ್ದುಪಡಿ ಮಸೂದೆ 2025ರಲ್ಲಿ ವಿಧಾನಮಂಡಲದ ಮುಂದೆ ಬಂತು. ಕೆರೆ ಸಣ್ಣದಾದಷ್ಟು ಅಂತರವೂ ಸಣ್ಣದು. ನಮ್ಮ ಪೇಟೆ ಕೆರೆಗಳೋ ಬಹುಪಾಲು ಸಣ್ಣವೇ. ಸಣ್ಣ ಕೆರೆಗೆ ದಡ ಜಾಸ್ತಿ ಬೇಕು, ಕಡಿಮೆ ಅಲ್ಲ. ಅದು ಬೇಗ ತುಂಬುತ್ತದೆ, ಬೇಗ ಕೆಡುತ್ತದೆ. ಈ ಮಾತನ್ನು ನಮ್ಮ ಜಿಲ್ಲೆಯವರು ಗಟ್ಟಿಯಾಗಿ ಹೇಳಬೇಕು ಅನ್ನುವುದು ನನ್ನ ಅಭಿಪ್ರಾಯ.

ಯಾರಿಗಾಗಿ ಕೆರೆ ಅನ್ನುವುದೂ ಇದೆ. ಪ್ರವಾಸಿಗಳಿಗೆ ರಾಜಾಸೀಟ್ ಇದೆ, ನಿಸರ್ಗಧಾಮ ಇದೆ, ದುಬಾರೆ ಇದೆ. ಪೇಟೆ ಕೆರೆಯಾದರೂ ಊರವರಿಗೆ ಇರಲಿ. ಮೈಸೂರಿನಲ್ಲಿ ಎರಡು ಮಾದರಿಗಳಿವೆ. ಕಾರಂಜಿ ಕೆರೆ ಮೃಗಾಲಯದವರ ಕೈಯಲ್ಲಿದೆ, ಟಿಕೆಟ್ಟು, ದೋಣಿ, ಹಕ್ಕಿಮನೆ ಇವೆ. 1864ರ ಕುಕ್ಕರಹಳ್ಳಿ ಕೆರೆಯಲ್ಲಿ ಹೆಚ್ಚು ಏನೂ ಇಲ್ಲ. ಮಣ್ಣಿನ ದಾರಿ, ಮರ, ನೀರು, ಹಕ್ಕಿ. ಬೆಳಗಾದರೆ ಊರಿಗೆ ಊರೇ ಅಲ್ಲಿ ನಡೆಯುತ್ತದೆ. ನನಗೆ ಎರಡನೆಯದೇ ಇಷ್ಟ. ದೀಪ ಬೇಕು ಅನ್ನುವವರ ಮಾತೂ ಸರಿ, ಹೆಣ್ಣುಮಕ್ಕಳು ಸಂಜೆ ನಡೆಯಬೇಕಲ್ಲ. ಬೆಳಕು ದಾರಿಗೆ ಬೀಳಲಿ, ನೀರಿಗೆ ಬೇಡ. ಮಳೆಗಾಲದ ಮುಂಚೆ ಮರದ ತುಂಬ ಮಿಂಚುಹುಳ ಹತ್ತಿ ಉರಿಯುವ ಊರು ನಮ್ಮದು. ರಾತ್ರಿ ಒಂಬತ್ತಕ್ಕೆ ದೀಪ ಆರಿಸಿದರೆ ಅವೂ ಉಳಿಯುತ್ತವೆ.

ದಾರಿ ಆಗುವಾಗ ಹೋದದ್ದರಲ್ಲಿ ಒಂದು ಬಟ್ಟೆ ಒಗೆಯುವ ಕಲ್ಲು. ಅಲ್ಲಿ ಒಗೆಯುತ್ತಿದ್ದ ಅಕ್ಕ ಈಗ ಮನೆ ಮುಂದಿನ ನಲ್ಲಿಯಲ್ಲಿ ಎರಡು ದಿನಕ್ಕೊಮ್ಮೆ ಬರುವ ನೀರಿಗೆ ಕಾಯುತ್ತಾರೆ. "ಇಳಿಯೋಕೆ ನಾಲ್ಕು ಮೆಟ್ಲು ಬಿಟ್ಟಿದ್ರೆ ಸಾಕಿತ್ತು ಅಣ್ಣ. ನಮ್ಮನ್ನ ಯಾರೂ ಕೇಳ್ಲೇ ಇಲ್ಲ" ಅಂದರು. ಸೋಪಿನ ನೀರು ಕೆರೆಗೆ ಒಳ್ಳೆಯದಲ್ಲ, ಒಪ್ಪುತ್ತೇನೆ. ಅದಕ್ಕೆ ಒಗೆಯುವ ಕಟ್ಟೆಯನ್ನು ಕೆರೆಯಿಂದ ಸ್ವಲ್ಪ ಆಚೆ ಮಾಡಿ, ನೀರನ್ನು ಅದೇ ಕೊಳವೆಗೆ ಬಿಡಬಹುದಿತ್ತು. ನಕ್ಷೆ ಬರೆಯುವ ಮೊದಲು ಒಂದು ಸಂಜೆ ಕೆರೆ ಏರಿಯ ಮೇಲೆ ಕೂತು ಊರವರನ್ನು ಕೇಳಿದ್ದರೆ ಇದೆಲ್ಲ ತಾನಾಗಿ ತಿಳಿಯುತ್ತಿತ್ತು.

ಉಳಿದದ್ದು ನಿರ್ವಹಣೆ. ಅಂತರಗಂಗೆ ತೆಗೆಯುವವರು, ಕೋಡಿಯ ಕಸ ಎತ್ತುವವರು, ಜಲ್ಲಿ ಹಾಸಿಗೆ ನೋಡಿಕೊಳ್ಳುವವರು, ಶೌಚಾಲಯ ತೊಳೆಯುವವರು, ಇಷ್ಟು ಜನರ ಸಂಬಳ ಪ್ರತಿ ವರ್ಷದ ಆಯವ್ಯಯದಲ್ಲಿ ಕಾಣಬೇಕು. ನಮ್ಮ ಕೆರೆಗೆ ಈಗ ಇರುವುದು ಗೇಟು ತೆರೆದು ಮುಚ್ಚುವ ಒಬ್ಬರು ಮಾತ್ರ. ಅವರೇ ಪಾಪ, ಕೈಯಲ್ಲಿ ಆದಷ್ಟು ಬಾಟಲಿ ಹೆಕ್ಕುತ್ತಾರೆ.

ಏಳು ಪೈಪುಗಳ ಜಾಗ ಗುರುತು ಮಾಡಿ, ಫೋಟೋ ಸಮೇತ ಅರ್ಜಿ ಕೊಟ್ಟಿದ್ದೇವೆ. ನಾಲ್ಕನೇ ಪೈಪಿನ ಹಿರಿಯರೂ ಅದಕ್ಕೆ ಸಹಿ ಹಾಕಿದರು. ಸಹಿ ಹಾಕಿ ಪೆನ್ನು ವಾಪಸ್ಸು ಕೊಡುವಾಗ ಹೇಳಿದರು: "ಲೈನು ಬಂದ ದಿನ ನನ್ನ ಪೈಪನ್ನ ನಾನೇ ಕೀಳ್ತೇನೆ. ಲೈನು ಯಾವಾಗ ಬರ್ತದೆ, ಅದನ್ನ ಕೇಳಿ ಹೇಳಿ."